ಹಳೆಯ ಲಕೋಟಾ ಮಣಿಚೀಲ ಕೈಗೆ ಬಂದಾಗ: ಪರೀಕ್ಷಿಸುವ, ಕಾಪಾಡುವ, ಊರಿಗೆ ಒಯ್ಯುವ ಕ್ರಮ

ಅಮೆರಿಕದ ಡೆನ್ವರ್, ಮಿನಿಯಾಪೊಲಿಸ್, ಒಮಾಹಾ ಕಡೆ ನೆಲೆಸಿರುವ ಕನ್ನಡಿಗರು ಪದೇಪದೇ ಕೇಳುವ ಪ್ರಶ್ನೆಯೊಂದಿದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನು ಅದೇ ಮನೆಯಲ್ಲಿ ಹರಡಿ ಮಾರುವ ‘ಎಸ್ಟೇಟ್ ಸೇಲ್’ನಲ್ಲೋ ಹಳೆಯ ವಸ್ತುಗಳ ಅಂಗಡಿಯಲ್ಲೋ ತೊಗಲಿನ ಚೀಲವೊಂದು ಸಿಕ್ಕಿರುತ್ತದೆ. ಅದರ ಮೇಲೆ ಗಾಜಿನ ಸಣ್ಣ ಮಣಿಗಳನ್ನು ಒತ್ತೊತ್ತಾಗಿ ಹೊಲಿದಿರುತ್ತಾರೆ, ಜೊತೆಗೆ ‘ಸೂ ಇಂಡಿಯನ್, 1880’ ಎಂದು ಬರೆದ ಚೀಟಿ ಇರುತ್ತದೆ. ಇದು ಅಸಲಿಯೇ, ಎಷ್ಟು ಹಳೆಯದು, ತೊಳೆಯಬಹುದೇ, ಬೆಂಗಳೂರಿಗೆ ತರಬಹುದೇ ಎಂದು ಕೇಳುತ್ತಾರೆ. ಈ ಲೇಖನ ಆ ಪ್ರಶ್ನೆಗಳಿಗೆ ಉತ್ತರ. ಇಲ್ಲಿರುವ ಹಂತಗಳನ್ನು ಹೇಳಿದ ಕ್ರಮದಲ್ಲೇ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಶುಚಿ ಮಾಡುವ ವಿಚಾರವನ್ನು ಕೊನೆಯ ಕಡೆಗೆ ಇಟ್ಟಿರುವುದಕ್ಕೆ ಕಾರಣವಿದೆ: ಚೀಲದ ವಯಸ್ಸನ್ನೂ ಊರನ್ನೂ ಹೇಳಬಲ್ಲ ಸಾಕ್ಷ್ಯವೆಲ್ಲ ಅದರ ಕೊಳೆಯಲ್ಲಿ, ಸಡಿಲಗೊಂಡ ದಾರದಲ್ಲಿ, ಸವೆದ ಅಂಚಿನಲ್ಲಿ ಇರುತ್ತದೆ, ಮತ್ತು ಹೊಸ ಯಜಮಾನರು ಪ್ರೀತಿಯಿಂದಲೇ ಮೊದಲು ಅಳಿಸಿಹಾಕುವುದು ಅದನ್ನೇ.

ಮೊದಲಿಗೆ ಹೆಸರಿನ ವಿಚಾರ. ಇಂಗ್ಲಿಷಿನ ಕಾಗುಣಿತ ನೋಡಿ ಕೆಲವರು ‘ಸಿಯೋಕ್ಸ್’ ಎಂದು ಓದುತ್ತಾರೆ, ಆದರೆ ಉಚ್ಚಾರ ‘ಸೂ’. ಅದು ಅಮೆರಿಕದ ಮೂಲನಿವಾಸಿಗಳಾದ ಆ ಜನ ತಮಗೆ ತಾವು ಇಟ್ಟುಕೊಂಡ ಹೆಸರಲ್ಲ. ನೆರೆಯ ಒಜಿಬ್ವೆ ಜನರು ಅವರನ್ನು ಕರೆಯುತ್ತಿದ್ದ ಪದವನ್ನು ಫ್ರೆಂಚ್ ವ್ಯಾಪಾರಿಗಳು ತಮ್ಮ ನಾಲಿಗೆಗೆ ಒಗ್ಗಿಸಿ, ಕತ್ತರಿಸಿ ಉಳಿಸಿದ ತುಂಡು ಅದು. ಅವರ ಬೇರೆಬೇರೆ ಶಾಖೆಗಳವರು ತಮ್ಮನ್ನು ಲಕೋಟಾ, ಡಕೋಟಾ, ನಕೋಟಾ ಎಂದು ಕರೆದುಕೊಳ್ಳುತ್ತಾರೆ. ಮಾರುಕಟ್ಟೆಯಲ್ಲಿ ‘ಸೂ ಮಣಿಚೀಲ’ ಎಂದು ಸಿಗುವುದರಲ್ಲಿ ಹೆಚ್ಚಿನವು ಪಶ್ಚಿಮದ ಬಯಲುಸೀಮೆಯ ಲಕೋಟಾ ಮಹಿಳೆಯರ ಕೈಕೆಲಸ. ಇಂದಿನ ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಡ್ಜ್, ರೋಸ್‌ಬಡ್, ಶಾಯನ್ ರಿವರ್ ಮತ್ತು ಉತ್ತರ ಡಕೋಟಾದವರೆಗೆ ಹಬ್ಬಿರುವ ಸ್ಟ್ಯಾಂಡಿಂಗ್ ರಾಕ್, ಸರ್ಕಾರ ಅವರಿಗೆಂದು ಗೊತ್ತುಪಡಿಸಿದ ಈ ಮೀಸಲು ಪ್ರದೇಶಗಳು ಅವರ ನೆಲೆಗಳು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಲ್ಲಿದ್ದಾರೆ ಮತ್ತು ಇಂದಿಗೂ ಮಣಿಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನೈಟ್ರೈಲ್ ಕೈಗವಸು (ಆಸ್ಪತ್ರೆಗಳಲ್ಲಿ ಬಳಸುವ ನೀಲಿ ಬಣ್ಣದ್ದು), ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಭೂತಗನ್ನಡಿ, ಒಂದು ಚಿಕ್ಕ ಟಾರ್ಚ್, ನೋಟು ಪರೀಕ್ಷಿಸುವ ಅಲ್ಟ್ರಾವಯೊಲೆಟ್ ದೀಪ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಬಣ್ಣ ಹಾಕದ ಶುಭ್ರವಾದ ಹತ್ತಿಬಟ್ಟೆ, ಮತ್ತು ಬರೆದುಕೊಳ್ಳಲು ಪೆನ್ಸಿಲ್. ಶಾಯಿಯ ಪೆನ್ನು ಮೇಜಿನ ಹತ್ತಿರವೂ ಬೇಡ, ಏಕೆಂದರೆ ತೊಗಲಿನ ಮೇಲೆ ಬಿದ್ದ ಶಾಯಿ ಮತ್ತೆ ಹೋಗುವುದಿಲ್ಲ.

ಹಂತ 1: ಕೈಗವಸು ಹಾಕಿಕೊಂಡು ಚಿತ್ರ ತೆಗೆಯಿರಿ

ಕೈಗವಸು ಚೀಲದ ರಕ್ಷಣೆಗೆ ಎಂದು ಹಲವರು ಭಾವಿಸುತ್ತಾರೆ, ಆದರೆ ಇಲ್ಲಿ ಅದು ಮೊದಲು ನಿಮ್ಮ ರಕ್ಷಣೆಗೆ. ತೊಗಲು, ಕೂದಲು, ಗರಿಗಳಿರುವ ವಸ್ತುಗಳಿಗೆ ಹುಳು ಬೀಳಬಾರದೆಂದು ವಸ್ತುಸಂಗ್ರಹಾಲಯಗಳೂ ಖಾಸಗಿ ಸಂಗ್ರಾಹಕರೂ ಬಹುಕಾಲ ಆರ್ಸೆನಿಕ್ ಮತ್ತು ಪಾದರಸದ ಲವಣಗಳನ್ನು ಹಚ್ಚುತ್ತಿದ್ದರು. ಆ ವಿಷ ನೂರು ವರ್ಷ ಕಳೆದರೂ ಹಾಗೆಯೇ ಉಳಿಯುತ್ತದೆ. ಕೆಲವೊಮ್ಮೆ ಮಡಿಕೆಗಳಲ್ಲಿ ಬಿಳಿಪುಡಿಯಾಗಿ ಕಾಣುತ್ತದೆ, ಎಷ್ಟೋ ಸಲ ಕಾಣುವುದೇ ಇಲ್ಲ. ಆದ್ದರಿಂದ ಚೀಲವನ್ನು ಮೂಸಬೇಡಿ, ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮಣಿ ಗಾಜಿನದೋ ಪ್ಲಾಸ್ಟಿಕ್ಕೋ ಎಂದು ತಿಳಿಯಲು ಹಲ್ಲಿಗೆ ತಾಗಿಸಿ ನೋಡುವ ರೂಢಿಯೊಂದಿದೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ವಿಷವಿದೆಯೇ ಎಂಬುದನ್ನು ಎಕ್ಸ್‌ರೇ ಫ್ಲೋರೆಸೆನ್ಸ್ ಎಂಬ ಉಪಕರಣದಿಂದ, ವಸ್ತುವಿಗೆ ಗಾಯವಾಗದಂತೆ ಪರೀಕ್ಷಿಸಬಹುದು. ಸಂರಕ್ಷಣಾ ತಜ್ಞರು ಈ ವ್ಯವಸ್ಥೆ ಮಾಡಿಕೊಡುತ್ತಾರೆ.

ಬಟ್ಟೆ ಹಾಸಿದ ಮೇಜಿನ ಮೇಲೆ ಚೀಲವನ್ನು ಮಲಗಿಸಿ ಮುಂಭಾಗ, ಹಿಂಭಾಗ, ಎರಡೂ ಪಕ್ಕ, ತಳ, ಮುಚ್ಚಳದ ಒಳಗು ಇವೆಲ್ಲವುಗಳ ಚಿತ್ರವನ್ನು ಅಳತೆಪಟ್ಟಿಯ ಸಮೇತ ತೆಗೆಯಿರಿ. ಎತ್ತುವಾಗ ಚೀಲದ ಪಟ್ಟಿಯನ್ನಾಗಲಿ ಅಂಚನ್ನಾಗಲಿ ಹಿಡಿಯದೆ, ಅಡಿಗೆ ದಪ್ಪ ರಟ್ಟು ಕೊಟ್ಟು, ಎಳೆಗೂಸನ್ನು ಎತ್ತುವ ಹಾಗೆ ಎರಡೂ ಕೈಗಳಿಂದ ಎತ್ತಿ. ಚೀಟಿ, ದಾರಕ್ಕೆ ಕಟ್ಟಿದ ಸಂಖ್ಯೆ, ಒಳಗಿರುವ ಹಳೆಯ ಕಾಗದದ ಚೂರು ಯಾವುದನ್ನೂ ಕೀಳಬೇಡಿ, ಎಸೆಯಬೇಡಿ. ಉದುರಿದ ಮಣಿಗಳನ್ನು ಸಣ್ಣ ಪೊಟ್ಟಣದಲ್ಲಿ ಹಾಕಿ, ಎಲ್ಲಿಂದ ಉದುರಿದವು ಎಂದು ಮೇಲೆ ಬರೆಯಿರಿ.

ಹಂತ 2: ಇದು ಯಾವ ಬಗೆಯ ಚೀಲವೆಂದು ಗುರುತಿಸಿ

ಲಕೋಟಾ ಮನೆಗಳಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಚೀಲವಿತ್ತು. ಅಗಲ ಹೆಚ್ಚು, ಎತ್ತರ ಕಡಿಮೆ ಇದ್ದು, ಮೇಲೆ ಮುಚ್ಚಳವಿರುವ ಮೆತ್ತನೆಯ ದೊಡ್ಡ ಚೀಲವನ್ನು ಲಕೋಟಾ ಭಾಷೆಯಲ್ಲಿ ‘ವಿಝಿಪಾನ್’ ಎನ್ನುತ್ತಾರೆ. ವ್ಯಾಪಾರಿಗಳ ಮಾತಿನಲ್ಲಿ ಅದು ‘ಪಾಸಿಬಲ್ ಬ್ಯಾಗ್’, ಅಂದರೆ ಏನನ್ನು ಬೇಕಾದರೂ ತುಂಬಬಹುದಾದ ಚೀಲ. ಇದನ್ನು ಜೋಡಿಯಾಗಿ ಹೊಲಿಯುತ್ತಿದ್ದರು. ಶಿಬಿರ ಎದ್ದಾಗ ಸಾಮಾನು ಹೊರುವ ಕುದುರೆಯ ಮೇಲೆ, ಡೇರೆ ಹಾಕಿದಾಗ ಹಾಸಿಗೆಯ ಪಕ್ಕದಲ್ಲಿ ಇವುಗಳ ಸ್ಥಾನ. ನಿಮ್ಮ ಬಳಿ ಇರುವುದಕ್ಕೆ ಜೊತೆಯ ಚೀಲವೊಂದು ಬೇರೆಲ್ಲೋ ಇರಬಹುದೆಂಬುದನ್ನು ಬರೆದಿಟ್ಟುಕೊಳ್ಳಿ. ಮುಂಭಾಗದ ನಡುವೆ ಮಣಿಯ ಬದಲು ಕೆಂಪು ಬಣ್ಣದ ಸಮಾನಾಂತರ ಗೆರೆಗಳು ಕಂಡರೆ ಅವು ಮುಳ್ಳುಹಂದಿಯ ಮುಳ್ಳುಗಳು. ಅವುಗಳನ್ನು ನೆನೆಸಿ, ಚಪ್ಪಟೆ ಮಾಡಿ, ಬಣ್ಣ ಹಾಕಿ ಹೊಲಿಯುವ ಈ ವಿದ್ಯೆ ಮಣಿಕೆಲಸಕ್ಕಿಂತ ಹಳೆಯದು. ಪಕ್ಕಗಳಲ್ಲಿ ಡಬ್ಬಿಯ ತಗಡನ್ನು ಸುರುಳಿ ಸುತ್ತಿ ಮಾಡಿದ ಪುಟ್ಟ ಶಂಕುಗಳೂ ಅವುಗಳ ಬಾಯಿಂದ ಇಳಿಬಿದ್ದ ಕುದುರೆಗೂದಲೂ ಇರಬಹುದು.

ಉದ್ದನೆಯ, ಕಿರಿದಾದ, ಕೆಳಗೆ ತೊಗಲಿನ ಜಾಲರಿ ಇಳಿಬಿಟ್ಟ ಚೀಲವು ಧೂಮಪಾನದ ಕೊಳವೆಗೂ ತಂಬಾಕಿಗೂ ಮೀಸಲಾದದ್ದು. ಅಂಗೈಯಗಲದ ಚಿಕ್ಕದು ಚಕಮಕಿ ಕಲ್ಲಿನ ಚೀಲವೋ, ಮೀಸಲು ಪ್ರದೇಶದ ಕಾಲದಲ್ಲಿ ಸರ್ಕಾರಿ ಪಡಿತರದ ಚೀಟಿ ಇಡಲು ಮಾಡಿಕೊಂಡದ್ದೋ ಆಗಿರಬಹುದು. ಆಮೆ ಅಥವಾ ಹಲ್ಲಿಯ ಆಕಾರದ, ತೆರೆಯಲು ಬಾರದ ಪುಟ್ಟ ಚೀಲ ಸಿಕ್ಕಿದರೆ ಅದು ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಳಗಿಟ್ಟು ಹೊಲಿದ ರಕ್ಷೆ. ಅದನ್ನು ಬಿಚ್ಚಿ ನೋಡುವ ಹಕ್ಕು ನಮಗಿಲ್ಲ. ಅಂಥದು ಕೈಗೆ ಬಂದರೆ ನೇರವಾಗಿ ಆರನೆಯ ಹಂತಕ್ಕೆ ಹೋಗಿ.

ಹಂತ 3: ತೊಗಲನ್ನು ನೋಡಿ

ನಮ್ಮ ತೊಗಲುಗೊಂಬೆಯ ತೊಗಲು ಹದ ಮಾಡದೆ ಕೆರೆದು ಒಣಗಿಸಿದ್ದು, ಆದ್ದರಿಂದ ಅದು ಗಡುಸಾಗಿ, ಬೆಳಕನ್ನು ಹಾಯಿಸುವಂತಿರುತ್ತದೆ. ಲಕೋಟಾ ಜನರೂ ಅಂಥ ಗಡುಸು ತೊಗಲಿನಿಂದ ಪೆಟ್ಟಿಗೆಗಳನ್ನು ಮಾಡಿ ಬಣ್ಣ ಬಳಿಯುತ್ತಿದ್ದರು. ಮಣಿಚೀಲಕ್ಕೆ ಬಳಸಿದ್ದು ಬೇರೆ. ಜಿಂಕೆ, ಎಲ್ಕ್ ಎಂಬ ದೊಡ್ಡ ಜಾತಿಯ ಸಾರಂಗ, ಕಾಡೆಮ್ಮೆಯಂಥ ಬೈಸನ್, ಮುಂದೆ ಬೈಸನ್ ಹಿಂಡುಗಳು ನಾಶವಾದ ಮೇಲೆ ದನ, ಇವುಗಳ ತೊಗಲಿನ ಎರಡೂ ಮೈಗಳನ್ನು ಕೆರೆದು, ಪ್ರಾಣಿಯ ಮಿದುಳನ್ನೇ ಅರೆದು ಹಚ್ಚಿ, ಗಂಟೆಗಟ್ಟಲೆ ಜಗ್ಗಿ ತಿಕ್ಕಿ ಹತ್ತಿಬಟ್ಟೆಯಷ್ಟು ಮೃದು ಮಾಡುತ್ತಿದ್ದರು. ಬಳಿಕ ಹೊಗೆ ಕೊಟ್ಟರೆ ಅದು ನೆನೆದು ಒಣಗಿದ ಮೇಲೂ ಮೃದುವಾಗಿಯೇ ಉಳಿಯುತ್ತದೆ. ಹೊಗೆ ಕೊಡದ ಬಿಳಿಯ ತೊಗಲು ಒಮ್ಮೆ ನೆನೆದರೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಇದೆಲ್ಲ ಹೆಂಗಸರ ಕೆಲಸ. ಹದ ಮಾಡಿದ ತೊಗಲುಗಳ ಲೆಕ್ಕವನ್ನು ಅವರು ಎಲ್ಕ್ ಕೊಂಬಿನ ಕೆರೆಯುವ ಹಿಡಿಯ ಮೇಲೆ ಚುಕ್ಕೆಗಳಾಗಿ ಕೊರೆದಿಡುತ್ತಿದ್ದರು. ಆ ಕಾಲದ ಯಾವ ಚೀಲದ ಮೇಲೂ ಸಾಮಾನ್ಯವಾಗಿ ಹೊಲಿದವಳ ಹೆಸರಿಲ್ಲ, ಆದರೆ ಶ್ರಮದ ಲೆಕ್ಕ ಇಟ್ಟುಕೊಳ್ಳುವಷ್ಟು ಅಭಿಮಾನ ಅವರಿಗಿತ್ತು.

ಭೂತಗನ್ನಡಿಯಲ್ಲಿ ಅಂಚನ್ನು ನೋಡಿ. ಮಿದುಳಿನಿಂದ ಹದ ಮಾಡಿದ ತೊಗಲಿನಲ್ಲಿ ಹೊರಮೈಯ ನುಣುಪು ಪದರ ಸಾಮಾನ್ಯವಾಗಿ ಉಳಿದಿರುವುದಿಲ್ಲ, ಎರಡೂ ಬದಿ ಮಕಮಲ್ಲಿನಂತಿರುತ್ತದೆ, ದಪ್ಪ ಒಂದೇ ಸಮನಾಗಿರದೆ ಅಲ್ಲಲ್ಲಿ ಕೆರೆದ ಗುರುತು ಕಾಣುತ್ತದೆ. ಕಾರ್ಖಾನೆಯಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮದ ದಪ್ಪ ಒಂದೇ ಸಮವಾಗಿದ್ದು, ಕತ್ತರಿಸಿದ ಅಂಚಿನಲ್ಲಿ ಹಲವೊಮ್ಮೆ ನೀಲಿ ಮಿಶ್ರಿತ ಬೂದು ಬಣ್ಣ ಕಾಣುತ್ತದೆ. ಅಂಥದು ‘1880’ರ ಚೀಟಿಯ ಜೊತೆ ಬಂದರೆ ಚೀಟಿಯನ್ನು ನಂಬಬೇಡಿ. ಇಲ್ಲಿ ಎಡವುವ ಜಾಗವೊಂದಿದೆ: ಹೊಸ ತೊಗಲಿಗೂ ಚಹಾ ಡಿಕಾಕ್ಷನ್ನೋ ಹೊಗೆಯೋ ಹಿಡಿಸಿ ಹಳೆಯದಾಗಿ ತೋರಿಸಬಹುದು. ಆದ್ದರಿಂದ ಬಣ್ಣಕ್ಕಿಂತ ಸವೆತವನ್ನು ನೋಡಿ. ನಿಜವಾಗಿ ಬಳಸಿದ ಚೀಲ ಕೈ ತಾಗುವಲ್ಲಿ ಸವೆದಿರುತ್ತದೆ, ಅಂದರೆ ಮುಚ್ಚಳದ ತುದಿ, ಕಟ್ಟುವ ದಾರದ ಬುಡ, ತಳದ ಮೂಲೆಗಳು. ಎಲ್ಲ ಕಡೆ ಸಮನಾಗಿ ಹಬ್ಬಿದ ಕಂದುಬಣ್ಣ ಬಳಕೆಯಿಂದ ಬರುವಂಥದ್ದಲ್ಲ.

ಹಂತ 4: ಹೊಲಿಗೆಯನ್ನು ಓದಿ

ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಸಮಯ ಇದಕ್ಕೆ ಕೊಡಿ. ಲಕೋಟಾ ಮಣಿಕೆಲಸದ ಗುರುತು ‘ಲೇನ್ ಸ್ಟಿಚ್’. ಹಳೆಯ ಬರಹಗಳಲ್ಲಿ ಇದನ್ನು ‘ಲೇಜಿ ಸ್ಟಿಚ್’ ಎಂದು ಕರೆದಿದ್ದಾರೆ. ನೂರಾರು ಗಂಟೆ ಹಿಡಿಯುವ ಕೆಲಸಕ್ಕೆ ‘ಸೋಮಾರಿ ಹೊಲಿಗೆ’ ಎಂಬ ಹೆಸರು ಅನ್ಯಾಯವಾದ್ದರಿಂದ ನಾನು ಅದನ್ನು ಬಳಸುವುದಿಲ್ಲ. ಏಳರಿಂದ ಹನ್ನೆರಡರ ಆಸುಪಾಸು ಮಣಿಗಳನ್ನು ಒಟ್ಟಿಗೆ ಪೋಣಿಸಿ, ಆ ಪುಟ್ಟ ಸರದ ಎರಡು ತುದಿಗಳನ್ನು ಮಾತ್ರ ತೊಗಲಿಗೆ ಕಚ್ಚಿಸುತ್ತಾರೆ. ಅದರ ಪಕ್ಕಕ್ಕೆ ಅಂಥದೇ ಇನ್ನೊಂದು, ಅದರ ಪಕ್ಕಕ್ಕೆ ಮತ್ತೊಂದು. ಹೀಗೆ ಸರಗಳು ಸೇರಿ ಒಂದು ಸಾಲಾಗುತ್ತದೆ, ಸಾಲುಗಳು ಸೇರಿ ಮೈ ತುಂಬುತ್ತದೆ. ನಡುವೆ ಹೊಲಿಗೆ ಇಲ್ಲದ ಕಾರಣ ಪ್ರತಿ ಸರವೂ ತುಸು ಉಬ್ಬಿಕೊಳ್ಳುತ್ತದೆ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಉತ್ತ ಹೊಲದ ಸಾಲುಗಳ ಹಾಗೆ ಏಣು, ತಗ್ಗು, ಏಣು, ತಗ್ಗು ಎಂದು ನೆರಳುಗಳು ಎದ್ದು ನಿಲ್ಲುತ್ತವೆ.

ಈಗ ಒಂದು ತಗ್ಗಿನ ಮೇಲೆ ಭೂತಗನ್ನಡಿ ಇಟ್ಟು ನಿಧಾನವಾಗಿ ನೋಡಿ. ಎರಡು ಸಾಲುಗಳು ಸೇರುವ ಆ ಗೆರೆಯಲ್ಲಿ ದಾರ ತೊಗಲಿನೊಳಗೆ ಇಳಿಯುತ್ತದೆ. ಹಳೆಯ ಕೆಲಸದಲ್ಲಿ ಅದು ದಾರವಲ್ಲ, ಪ್ರಾಣಿಯ ಬೆನ್ನೆಲುಬಿನ ಇಕ್ಕೆಲಗಳಲ್ಲಿ ಸಿಗುವ ಸ್ನಾಯುವಿನ ನಾರು. ಒಣಗಿಸಿ, ಎಳೆಎಳೆಯಾಗಿ ಸೀಳಿ, ಬಾಯಲ್ಲಿ ನೆನೆಸಿ ಬಳಸುತ್ತಿದ್ದರು. ಒಣಗಿದ ತುದಿ ಸೂಜಿಯಷ್ಟು ಬಿರುಸಾಗಿರುವುದರಿಂದ ಸೂಜಿ ಬೇಕಿರಲಿಲ್ಲ. ಚಪ್ಪಲಿ ಹೊಲಿಯುವವರ ಆರಿಯಂಥ ಮೊನೆಯಿಂದ ತೂತು ಮಾಡಿ ನಾರಿನ ತುದಿಯನ್ನು ತೂರಿಸಿದರೆ ಸಾಕಾಗುತ್ತಿತ್ತು. ಅದು ಹಳದಿ ಛಾಯೆಯ, ಅರೆಪಾರದರ್ಶಕವಾದ, ದಪ್ಪ ಒಂದೇ ಸಮನಿಲ್ಲದ ಎಳೆಯಾಗಿ ಕಾಣುತ್ತದೆ. ‘ಕೃತಕ ಸಿನ್ಯೂ’ (ಕೃತಕ ಸ್ನಾಯುನಾರು) ಎಂಬ ಮೇಣ ಹಚ್ಚಿದ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ಇಂದು ಮಾರುಕಟ್ಟೆಯಲ್ಲಿದೆ. ಅದರ ಎಳೆಗಳು ಕೂದಲಿನಂತೆ ಸಮನಾಗಿ ಬಿಚ್ಚಿಕೊಳ್ಳುತ್ತವೆ, ಮೇಣದ ಹೊಳಪು ಇರುತ್ತದೆ. ದಾರವನ್ನು ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನು ಯಾರು ಹೇಳಿದರೂ ಮಾಡಬೇಡಿ. ಹತ್ತಿರದಲ್ಲಿ ಬೆಂಕಿ ಹಚ್ಚಿದರೆ ಮಣಿ ಸೀಳುತ್ತದೆ, ತೊಗಲು ಸುರುಟುತ್ತದೆ.

ಚೀಲದ ಬಾಯಿ ಸಲೀಸಾಗಿ ತೆರೆಯುವುದಾದರೆ ಮಾತ್ರ ಟಾರ್ಚ್ ಹಿಡಿದು ಒಳಮೈ ನೋಡಿ. ಧಾರವಾಡ ಕಡೆಯ ಕಸೂತಿ ಬಲ್ಲವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಹಿಂದೆಯೂ ಮುಂದೆಯೂ ಒಂದೇ ಚಿತ್ರ ಮೂಡಬೇಕು. ಅದೇ ಕುಶಲತೆಯ ಒರೆಗಲ್ಲು. ಲಕೋಟಾ ಹೊಲಿಗೆಯ ಒರೆಗಲ್ಲು ಇದಕ್ಕೆ ತದ್ವಿರುದ್ಧ: ಹಿಂದೆ ಏನೂ ಕಾಣಬಾರದು. ನಾರು ತೊಗಲಿನ ದಪ್ಪದೊಳಗೇ ಅರ್ಧದವರೆಗೆ ಇಳಿದು ಮತ್ತೆ ಮೇಲೆ ಬರುತ್ತದೆಯೇ ಹೊರತು ಹಿಂಬದಿಗೆ ತೂರುವುದಿಲ್ಲ. ಸಾವಿರಾರು ಬಾರಿ ಆ ಆಳವನ್ನು ಕೈಯಂದಾಜಿನಲ್ಲೇ ಹಿಡಿದವಳ ಪಳಗಿದ ಕೈ ಅಲ್ಲಿ ಕಾಣುತ್ತದೆ. ಒಳಮೈ ತುಂಬ ದಾರದ ಚುಕ್ಕೆಗಳಿದ್ದರೆ ಕೆಲಸ ತೀರ ಈಚಿನದೋ, ಕಲಿಯುವವರದೋ, ರಿಪೇರಿಯೋ ಎಂದು ಅನುಮಾನಿಸಿ.

ಕೋಣೆ ಕತ್ತಲೆ ಮಾಡಿ ಅಲ್ಟ್ರಾವಯೊಲೆಟ್ ದೀಪ ಹಿಡಿಯಿರಿ. ಬಟ್ಟೆ ಮತ್ತು ದಾರಕ್ಕೆ ಹೊಳಪು ಕೊಡುವ ರಾಸಾಯನಿಕಗಳು ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಬಳಕೆಗೆ ಬಂದವು. ಅಂಥ ದಾರ ಈ ದೀಪದಡಿ ನೀಲಿ-ಬಿಳಿಯಾಗಿ ಧಗ್ಗನೆ ಹೊಳೆಯುತ್ತದೆ. ಎರಡು ಮೂರು ಕಡೆ ಮಾತ್ರ ಹೊಳೆದರೆ ಅದು ನಂತರದ ರಿಪೇರಿ ಎಂದಷ್ಟೇ ಅರ್ಥ. ರಿಪೇರಿ ದೋಷವಲ್ಲ. ಹತ್ತಿ ದಾರ ಕಂಡ ಕೂಡಲೇ ‘ನಕಲಿ’ ಎಂದು ತೀರ್ಮಾನಿಸುವುದೂ ತಪ್ಪು, ಏಕೆಂದರೆ 1900ರ ಸುಮಾರಿಗೆ ಲಕೋಟಾ ಮಹಿಳೆಯರೇ ಅಂಗಡಿಯ ದಾರವನ್ನೂ ಬಳಸುತ್ತಿದ್ದರು.

ಹಂತ 5: ಮಣಿ ಮತ್ತು ವಿನ್ಯಾಸದಿಂದ ಕಾಲವನ್ನು ಅಂದಾಜಿಸಿ

ಮಣಿಗಳು ಅಲ್ಲಿನವಲ್ಲ. ವೆನಿಸ್ ನಗರದಲ್ಲೂ ಇಂದಿನ ಚೆಕ್ ದೇಶದ ಬೊಹೀಮಿಯಾ ಪ್ರಾಂತದಲ್ಲೂ ತಯಾರಾಗಿ, ತುಪ್ಪಳದ ವ್ಯಾಪಾರಿಗಳ ಮೂಲಕ ಬಯಲುಸೀಮೆಗೆ ಬಂದವು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದವು ಮೂರು-ನಾಲ್ಕು ಮಿಲಿಮೀಟರಿನ ದಪ್ಪ ‘ಪೋನಿ’ ಮಣಿಗಳು, ಹೆಚ್ಚಾಗಿ ನೀಲಿ ಮತ್ತು ಬಿಳಿ. ಎರಡು ಮಿಲಿಮೀಟರಿನ ಆಸುಪಾಸಿನ ‘ಸೀಡ್’ ಮಣಿಗಳು, ಅಂದರೆ ಬೀಜದಷ್ಟು ಸಣ್ಣವು, ಆ ಶತಮಾನದ ನಡುಭಾಗದಿಂದ ಹರಡಿದವು. ನಿಮಗೆ ಸಿಗುವ ಚೀಲಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು.

ಕೆಂಪು ಮಣಿಯ ತೂತಿನ ಬಾಯಿಯನ್ನು ಗಮನಿಸಿ. ಹೊರಗೆ ಕೆಂಪು, ಒಳಗೆ ಬಿಳಿ ತಿರುಳಿದ್ದರೆ ಅದಕ್ಕೆ ‘ವೈಟ್ ಹಾರ್ಟ್’ ಎಂದು ಹೆಸರು. ಹಳೆಯ ಚೀಲಗಳಲ್ಲಿ ಇದು ಸಾಮಾನ್ಯ. ಆದರೆ ಅದೊಂದನ್ನೇ ಆಧಾರ ಮಾಡಿಕೊಳ್ಳಬೇಡಿ, ಅಂಥ ಮಣಿಗಳು ಇಂದಿಗೂ ಸಿಗುತ್ತವೆ. ಉಕ್ಕಿನ ಅಥವಾ ಹಿತ್ತಾಳೆಯ, ವಜ್ರದಂತೆ ಪುಟ್ಟ ಮುಖಗಳನ್ನು ಕತ್ತರಿಸಿದ ಲೋಹದ ಮಣಿಗಳು ಬೆರೆತಿದ್ದರೆ ಕಾಲ 1880ರ ಆಚೀಚೆಗೋ ನಂತರಕ್ಕೋ ಸರಿಯುತ್ತದೆ. ಹಳೆಯ ಮಣಿಗಳು ಒಂದೊಂದೂ ತುಸು ಬೇರೆ: ಒಂದು ದಪ್ಪ, ಒಂದು ತೆಳು, ಒಂದು ವಾರೆ. ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮನಾಗಿದ್ದು ತೂತುಗಳು ಅಗಲವಾಗಿದ್ದರೆ ಅವು ಈಚಿನ ಜಪಾನಿ ಮಣಿಗಳಿರಬಹುದು. ಬದಿಯಲ್ಲಿ ಅಚ್ಚಿನ ಸೀಳುಗೆರೆ ಕಂಡರೆ ಪ್ಲಾಸ್ಟಿಕ್.

ವಿನ್ಯಾಸದ ಮಾತಿಗೆ ಬಂದರೆ, ಬಿಳಿ ಅಥವಾ ನೀಲಿ ಹಿನ್ನೆಲೆಯ ಮೇಲೆ ತ್ರಿಕೋನ, ಮೆಟ್ಟಿಲು, ಕವಲೊಡೆದ ಗೆರೆಗಳು ಲಕೋಟಾ ಶೈಲಿಯ ಸಾಮಾನ್ಯ ಲಕ್ಷಣ. ಹಳೆಯವುಗಳಲ್ಲಿ ಆಕಾರಗಳು ದೊಡ್ಡವು, ಬಿಡಿಬಿಡಿ. 1880ರ ನಂತರ, ಜನ ಮೀಸಲು ಪ್ರದೇಶಗಳಿಗೆ ಸೀಮಿತವಾದ ಕಾಲದಲ್ಲಿ, ಮಣಿಕೆಲಸ ಕಡಿಮೆಯಾಗುವ ಬದಲು ಹೆಚ್ಚಿತು. ಮೈಪೂರ ಮಣಿ ತುಂಬಿಸಿ, ಸಣ್ಣ ಗೆರೆಗಳಿಂದ ಕವಲೊಡೆಯುವ ಜಟಿಲ ವಿನ್ಯಾಸಗಳು ಬಂದವು. ಕುದುರೆ ಸವಾರರೂ ಅಮೆರಿಕದ ಬಾವುಟವೂ ಕಾಣಿಸಿಕೊಂಡವು. ತಮ್ಮ ಭೂಮಿಯನ್ನು ಕಿತ್ತುಕೊಂಡ ರಾಷ್ಟ್ರದ ಬಾವುಟವನ್ನು ಆ ಹೆಂಗಸರು ಏಕೆ ಹೊಲಿದರು ಎಂಬುದಕ್ಕೆ ಹಲವು ವ್ಯಾಖ್ಯಾನಗಳಿವೆ. ಚೀಲ ಮಾರುವವರು ಹೇಳುವ ಒಂದೇ ಕಥೆಯನ್ನು ಅಂತಿಮವೆಂದು ತಿಳಿಯಬೇಡಿ. ‘ಈ ತ್ರಿಕೋನ ಅಂದರೆ ಬೆಟ್ಟ, ಈ ಗೆರೆ ಅಂದರೆ ದಾರಿ’ ಎಂಬ ನಿಘಂಟಿನಂಥ ವಿವರಣೆಗಳಿಗೂ ಇದೇ ಮಾತು.

ನೆರೆಯ ಶಾಯನ್ ಬುಡಕಟ್ಟಿನ ಜನರೂ ಇದೇ ಹೊಲಿಗೆ ಬಳಸುತ್ತಿದ್ದರು, ಲಕೋಟಾದವರೊಡನೆ ಅವರಿಗೆ ಕೊಡುಕೊಳ್ಳುವಿಕೆಯೂ ಮದುವೆಯ ಸಂಬಂಧಗಳೂ ಇದ್ದವು. ಬ್ಲಾಕ್‌ಫೂಟ್ ಜನರ ಕೆಲಸದಲ್ಲಿ ಉಬ್ಬು ಸಾಲುಗಳಿಲ್ಲದೆ ಮೈ ಚಪ್ಪಟೆಯಾಗಿರುತ್ತದೆ, ಏಕೆಂದರೆ ಅಲ್ಲಿ ಎರಡನೆಯ ದಾರವೊಂದು ಮಣಿಸರವನ್ನು ಎರಡು-ಮೂರು ಮಣಿಗಳಿಗೊಮ್ಮೆ ಕಚ್ಚಿಸುತ್ತಾ ಹೋಗುತ್ತದೆ. ಚೀಟಿಯಲ್ಲಿ ‘ಸೂ’ ಎಂದಿದ್ದರೂ ಮೈ ಚಪ್ಪಟೆಯಾಗಿದ್ದು ಹೂಬಳ್ಳಿಗಳಿದ್ದರೆ ಪೂರ್ವದ ಡಕೋಟಾ, ಒಜಿಬ್ವೆ, ಕ್ರೀ ಕಡೆಗೂ ನೋಟ ಹರಿಸಿ. ಹೋಲಿಸಿ ನೋಡಲು ರ‍್ಯಾಪಿಡ್ ಸಿಟಿಯ ಸೂ ಇಂಡಿಯನ್ ಮ್ಯೂಸಿಯಂ, ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಪ್ಲೇನ್ಸ್ ಇಂಡಿಯನ್ ಮ್ಯೂಸಿಯಂ, ಸ್ಮಿತ್ಸೋನಿಯನ್ ಸಂಸ್ಥೆಯ ನ್ಯಾಷನಲ್ ಮ್ಯೂಸಿಯಂ ಆಫ್ ದಿ ಅಮೆರಿಕನ್ ಇಂಡಿಯನ್ ಒಳ್ಳೆಯ ಜಾಗಗಳು. ಕೊನೆಯದರ ಸಂಗ್ರಹದ ಚಿತ್ರಗಳನ್ನು ಮನೆಯಲ್ಲೇ ಕುಳಿತು ನೋಡಬಹುದು.

ಹಂತ 6: ಎಲ್ಲಿಂದ ಬಂತು ಎಂದು ಕೇಳಿ, ಉತ್ತರವನ್ನು ಬರೆದಿಡಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಚೀಲ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಇತಿಹಾಸಕ್ಕೆ ‘ಪ್ರಾವನೆನ್ಸ್’ ಎನ್ನುತ್ತಾರೆ. ಮಾರಿದವರ ಹೇಳಿಕೆ, ರಸೀದಿ, ಹಳೆಯ ಫೋಟೊ, ಪತ್ರ ಎಲ್ಲವನ್ನೂ ಸೇರಿಸಿಡಿ. ತೊಗಲಿನ ಮೇಲೆ ಶಾಯಿಯಲ್ಲಿ ಬರೆದ ಅಂಕೆಗಳಿದ್ದರೆ ಅದು ಯಾವುದೋ ವಸ್ತುಸಂಗ್ರಹಾಲಯದ ದಾಖಲೆ ಸಂಖ್ಯೆಯಿರಬಹುದು. ಅಲ್ಲಿಂದ ಅದು ನ್ಯಾಯವಾಗಿ ಹೊರಬಿತ್ತೇ ಎಂದು ವಿಚಾರಿಸದೆ ಕೊಳ್ಳಬೇಡಿ.

‘ವೂಂಡೆಡ್ ನೀ’ ಎಂಬ ಹೆಸರು ಚೀಟಿಯಲ್ಲಿ ಕಂಡರೆ ಅದನ್ನು ಬೆಲೆ ಏರಿಸುವ ವಿಶೇಷಣವೆಂದು ಓದಬೇಡಿ. 1890ರ ಡಿಸೆಂಬರ್ 29ರಂದು ಪೈನ್ ರಿಡ್ಜ್‌ನ ಆ ಹೆಸರಿನ ಹಳ್ಳದ ಬಳಿ ಅಮೆರಿಕದ ಸೇನೆ ನೂರಾರು ಲಕೋಟಾ ಜನರನ್ನು, ಅವರಲ್ಲಿ ಅನೇಕ ಹೆಂಗಸರು ಮಕ್ಕಳನ್ನು, ಕೊಂದಿತು. ಆಮೇಲೆ ಹೆಣಗಳ ಮೈಮೇಲಿನ ಬಟ್ಟೆ ಮತ್ತು ವಸ್ತುಗಳನ್ನು ಕಳಚಿ ಸ್ಮರಣಿಕೆಗಳಂತೆ ಮಾರಲಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿದ್ದ ಅಂಥ ಅಂಗಿಯೊಂದು 1999ರಲ್ಲಿ ಲಕೋಟಾ ಜನರಿಗೆ ಮರಳಿತು. ಮ್ಯಾಸಚೂಸೆಟ್ಸ್ ರಾಜ್ಯದ ಬ್ಯಾರಿ ಎಂಬ ಪುಟ್ಟ ಊರಿನ ಗ್ರಂಥಾಲಯದ ಸಂಗ್ರಹದಿಂದ 2022ರ ನವೆಂಬರಿನಲ್ಲಿ ಸುಮಾರು 150 ವಸ್ತುಗಳು ಹಿಂದಿರುಗಿದವು. ಅಂಥ ಮೂಲದ ಸುಳಿವು ಸಿಕ್ಕರೆ, ಅಥವಾ ಹೊಕ್ಕುಳಬಳ್ಳಿಯ ರಕ್ಷೆ, ಸಮಾಧಿಯಿಂದ ತೆಗೆದ ವಸ್ತು, ಪವಿತ್ರ ಕೊಳವೆಗೆ ಸಂಬಂಧಿಸಿದ ಚೀಲ ಎಂಬ ಅನುಮಾನವಿದ್ದರೆ, ಆಯಾ ಬುಡಕಟ್ಟಿನ ಪರಂಪರೆ ಸಂರಕ್ಷಣಾ ಕಚೇರಿಗೆ (ಟ್ರೈಬಲ್ ಹಿಸ್ಟಾರಿಕ್ ಪ್ರಿಸರ್ವೇಶನ್ ಆಫೀಸ್) ಪತ್ರ ಬರೆಯಿರಿ. ಪತ್ರದಲ್ಲಿ ಅಳತೆ, ಸಿಕ್ಕ ಊರು, ಮಾರಿದವರು ಹೇಳಿದ ಮಾತು ಇಷ್ಟನ್ನೇ ಬರೆದು, ಚಿತ್ರ ಕಳಿಸಬಹುದೇ ಎಂದು ಮೊದಲು ಕೇಳಿ. ಕೆಲವು ವಸ್ತುಗಳ ಚಿತ್ರ ಹಂಚುವುದನ್ನೇ ಅವರು ಇಷ್ಟಪಡುವುದಿಲ್ಲ.

ಕಾನೂನಿನ ಮುಖ್ಯ ಅಂಶಗಳಿಷ್ಟು. 1990ರ ‘ನ್ಯಾಗ್‌ಪ್ರಾ’ ಕಾಯಿದೆ ಸಮಾಧಿಯ ವಸ್ತು, ಪವಿತ್ರ ವಸ್ತು ಮತ್ತು ಇಡೀ ಸಮುದಾಯಕ್ಕೆ ಸೇರಿದ ವಸ್ತುಗಳಿಗೆ ರಕ್ಷಣೆ ಕೊಡುತ್ತದೆ. ಅದೇ ವರ್ಷದ ‘ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಕಾಯಿದೆಯ ಪ್ರಕಾರ ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಹೇಳಿ ಮಾರುವುದು ಅಪರಾಧ. ಹದ್ದಿನ ಗರಿ ಅಂಟಿದ್ದರೆ ಅದು ಎಷ್ಟೇ ಹಳೆಯದಾದರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಬೇರೆ ಅನೇಕ ಕಾಡುಹಕ್ಕಿಗಳ ಗರಿಗಳಿಗೂ 1918ರ ವಲಸೆಹಕ್ಕಿ ಕಾಯಿದೆಯ ನಿರ್ಬಂಧವಿದೆ. ಗರಿ ಇದೆ ಎಂದು ಕಿತ್ತೆಸೆದು ಪಾರಾಗುವ ಸಲಹೆಯನ್ನು ಅಂಗಡಿಯವರು ಕೊಡುವುದುಂಟು. ಅದರಿಂದ ವಸ್ತುವೂ ಕೆಡುತ್ತದೆ, ತಪ್ಪೂ ಅಳಿಯುವುದಿಲ್ಲ.

ಹಂತ 7: ಶುಚಿ ಮಾಡುವ ಮುನ್ನ ಮಣಿಗಳ ಆರೋಗ್ಯ ನೋಡಿ

ಗಾಜಿಗೂ ಕಾಯಿಲೆ ಬರುತ್ತದೆ. ಕ್ಷಾರದ ಅಂಶ ಹೆಚ್ಚಾಗಿರುವ ಹಳೆಯ ಗಾಜು ಗಾಳಿಯ ತೇವವನ್ನು ಎಳೆದುಕೊಂಡು ಮೇಲ್ಮೈಯಲ್ಲಿ ಕ್ಷಾರವನ್ನು ಬೆವರಿನಂತೆ ಹೊರಹಾಕುತ್ತದೆ. ಮಣಿ ಮುಟ್ಟಿದರೆ ಸಾಬೂನಿನಂತೆ ಜಾರುವುದು, ಮೇಲೆ ಬಿಳಿಯ ಹುಡಿ ಕಟ್ಟುವುದು, ಕೂದಲಿನಷ್ಟು ಸಣ್ಣ ಬಿರುಕುಗಳು, ಒಂದೇ ಬಣ್ಣದ ಮಣಿಗಳು ಮಾತ್ರ ಒಡೆದು ಪಕ್ಕದವು ಗಟ್ಟಿಯಾಗಿರುವುದು, ಇವು ಲಕ್ಷಣಗಳು. ಆ ಕ್ಷಾರ ಕೆಳಗಿನ ತೊಗಲನ್ನೂ ಸ್ನಾಯುನಾರನ್ನೂ ತಿನ್ನುತ್ತದೆ. ಇದಕ್ಕೆ ಮನೆಮದ್ದಿಲ್ಲ, ಸಂರಕ್ಷಣಾ ತಜ್ಞರ ಬಳಿ ಒಯ್ಯಬೇಕು. ಹಿತ್ತಾಳೆಯ ಮಣಿ ಅಥವಾ ಗುಂಡಿಯ ಸುತ್ತ ಹಸಿರು ಮೇಣದಂಥದು ಕಂಡರೆ ಅದು ತೊಗಲಿನ ಕೊಬ್ಬು ತಾಮ್ರದೊಡನೆ ಸೇರಿ ಆದದ್ದು. ಅದನ್ನು ಹುಣಸೆಹಣ್ಣು, ನಿಂಬೆರಸದಿಂದ ಉಜ್ಜಿ ಹೊಳಪು ತರುವ ಆಸೆ ಯಾರಿಗೂ ಬರಬಾರದು.

ಕಾಯಿಲೆ ಇಲ್ಲದ ಚೀಲಕ್ಕೂ ಬೇಕಾದದ್ದು ಮೆತ್ತನೆಯ ಕುಂಚವೊಂದೇ. ಮಣಿಸರಗಳ ಉದ್ದಕ್ಕೆ, ಅಡ್ಡಕ್ಕಲ್ಲ, ಹಗುರವಾಗಿ ಧೂಳನ್ನು ಸರಿಸಿ. ಕೈಗವಸಿನ ಜೊತೆ ಮುಖಗವಸೂ ಇರಲಿ. ನೀರು, ಸಾಬೂನು, ಒದ್ದೆಬಟ್ಟೆ, ಹೇರ್ ಡ್ರೈಯರ್, ಚರ್ಮಕ್ಕೆ ಹಚ್ಚುವ ಎಣ್ಣೆ, ಕ್ರೀಮು, ಶೂ ಪಾಲಿಶ್ ಯಾವುದೂ ಬೇಡ. ತೊಗಲು ಒಣಗಿದೆಯೆಂದು ಕೊಬ್ಬರಿಎಣ್ಣೆ ಸವರಿದ ಚೀಲವೊಂದನ್ನು ನಾನು ನೋಡಿದ್ದೇನೆ. ಹೊಗೆಬಣ್ಣದ ತೊಗಲು ಕಪ್ಪಾಗಿ, ಎಣ್ಣೆಗೆ ಧೂಳು ಮೆತ್ತಿಕೊಂಡು, ಸಾಲುಗಳ ನಡುವಿನ ತಗ್ಗುಗಳೆಲ್ಲ ಮುಚ್ಚಿಹೋಗಿದ್ದವು. ಅದನ್ನು ಹಿಂದಿನ ಸ್ಥಿತಿಗೆ ತರುವ ದಾರಿ ಇರಲಿಲ್ಲ. ಕಿತ್ತುಬಂದ ಸರವನ್ನು ಹೊಸ ದಾರದಿಂದ ಪೋಣಿಸುವುದೂ ಬೇಡ, ನೇತಾಡುವ ನಾರನ್ನು ಕತ್ತರಿಸುವುದೂ ಬೇಡ.

ಹಂತ 8: ಇಡುವ ಜಾಗ ಸಿದ್ಧಪಡಿಸಿ

ಆಮ್ಲರಹಿತ ತೆಳುಕಾಗದವನ್ನು ಉಂಡೆ ಮಾಡಿ ಒಳಗೆ ಹಗುರವಾಗಿ ತುಂಬಿ, ಮಡಿಕೆ ಬೀಳದಂತೆ ಚಪ್ಪಟೆಯಾಗಿ ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಇಂಥ ಕಾಗದದಲ್ಲಿ ಕ್ಷಾರ ಬೆರೆಸಿದ್ದು, ಬೆರೆಸದ್ದು ಎಂದು ಎರಡು ಬಗೆಯಿವೆ. ತೊಗಲಿಗೆ ‘ಅನ್‌ಬಫರ್ಡ್’ ಎಂದು ಬರೆದ, ಕ್ಷಾರ ಬೆರೆಸದ ಕಾಗದವನ್ನೇ ಕೇಳಿ ತನ್ನಿ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ಮಣಿಯ ಭಾರವನ್ನೆಲ್ಲ ಹಳೆಯ ನಾರು ಹೊರಬೇಕಾಗುತ್ತದೆ. ಪ್ರದರ್ಶನಕ್ಕೆ ಇಡಲೇಬೇಕೆಂದರೆ ಓರೆಯಾದ ಹಲಗೆಯ ಮೇಲೆ, ಬಿಸಿಲು ಬೀಳದ ಕಡೆ, 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಮೀರದ ಮಂದ ಬೆಳಕಿನಲ್ಲಿ, ಕೆಲವೇ ತಿಂಗಳು ಇಡಿ. ಬಣ್ಣ ಹಾಕಿದ ಮುಳ್ಳಿನ ಕೆಲಸ ಬೆಳಕಿಗೆ ಬಹಳ ಬೇಗ ಮಾಸುತ್ತದೆ.

ನುಸಿಗುಳಿಗೆ ಹಾಕಬೇಡಿ. ತೊಗಲು ತಿನ್ನುವ ಹುಳುವಿನ ಪೊರೆ ಅಥವಾ ಹಿಕ್ಕೆ ಕಂಡರೆ ಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಬೇರೆ ಸಾಮಾನಿನಿಂದ ದೂರವಿಟ್ಟು ತಜ್ಞರನ್ನು ಕೇಳಿ. ಅವರು ಶೀತಲೀಕರಣದಿಂದ ಹುಳು ಕೊಲ್ಲುವ ವ್ಯವಸ್ಥೆ ಮಾಡುತ್ತಾರೆ.

ಹಂತ 9: ಬೆಲೆ ಕಟ್ಟಿಸುವಾಗ ಮತ್ತು ಊರಿಗೆ ತರುವಾಗ

ಬೆಲೆ ಕಟ್ಟುವವರು ಮತ್ತು ಕೊಳ್ಳುವವರು ಒಬ್ಬರೇ ಆಗಿರಬಾರದು. ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಕೇಳುವವರಿಂದ ದೂರವಿರಿ. ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟು ಅಮೆರಿಕದ ತೆರಿಗೆಯಲ್ಲಿ 5,000 ಡಾಲರಿಗಿಂತ ಹೆಚ್ಚಿನ ರಿಯಾಯಿತಿ ಕೇಳುವುದಾದರೆ ಅರ್ಹ ಮೌಲ್ಯಮಾಪಕರ ವರದಿ ಕಡ್ಡಾಯ.

ಭಾರತಕ್ಕೆ ತರುವ ಪ್ರಶ್ನೆಗೆ ಉತ್ತರ ಚೀಲವನ್ನು ಅವಲಂಬಿಸಿದೆ. 2022ರ ಡಿಸೆಂಬರಿನಲ್ಲಿ ಕಾನೂನಾದ ‘ಸ್ಟಾಪ್’ ಕಾಯಿದೆ, ಬುಡಕಟ್ಟುಗಳ ಸಂರಕ್ಷಿತ ಪರಂಪರೆಯ ವಸ್ತುಗಳನ್ನು ಅಮೆರಿಕದಿಂದ ಹೊರಗೆ ಸಾಗಿಸುವುದನ್ನು ನಿರ್ಬಂಧಿಸುತ್ತದೆ. ದಿನಬಳಕೆಯ ಚೀಲ, ಮಾರಾಟಕ್ಕೆಂದೇ ಮಾಡಿದ ಚೀಲ ಸಾಮಾನ್ಯವಾಗಿ ಆ ವರ್ಗಕ್ಕೆ ಸೇರುವುದಿಲ್ಲ, ಆದರೆ ನಿಮ್ಮದು ಯಾವುದೆಂದು ನೀವೇ ತೀರ್ಮಾನಿಸದೆ ಅಮೆರಿಕದ ಆಂತರಿಕ ವ್ಯವಹಾರಗಳ ಇಲಾಖೆಯನ್ನೂ (ಡಿಪಾರ್ಟ್‌ಮೆಂಟ್ ಆಫ್ ದಿ ಇಂಟೀರಿಯರ್) ಬುಡಕಟ್ಟಿನ ಕಚೇರಿಯನ್ನೂ ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಪ್ರಾಣಿಯ ತೊಗಲು, ಉಗುರು, ಗರಿ ಇರುವುದರಿಂದ ವನ್ಯಜೀವಿ ವಿಭಾಗದ ನಿಯಮಗಳನ್ನೂ ವಿಚಾರಿಸಿ; ಕರಡಿಯ ಉಗುರಿದ್ದರೆ ಅಂತರರಾಷ್ಟ್ರೀಯ ಪರವಾನಗಿಯ ಪ್ರಶ್ನೆ ಬರುತ್ತದೆ. ಭಾರತದ ಕಸ್ಟಮ್ಸ್‌ನಲ್ಲಿ ಮುಚ್ಚಿಡದೆ ಘೋಷಿಸಿ.

ಅನುಮತಿ ಸಿಕ್ಕ ಮೇಲೂ ಹವೆಯ ವಿಚಾರ ಉಳಿಯುತ್ತದೆ. ದಕ್ಷಿಣ ಡಕೋಟಾದ ಒಣಹವೆಯಲ್ಲಿ ನೂರು ವರ್ಷ ಬಾಳಿದ ಗಾಜು ಮಂಗಳೂರಿನ ಒಂದೇ ಮಳೆಗಾಲದಲ್ಲಿ ಬೆವರತೊಡಗಬಹುದು, ತೊಗಲಿಗೆ ಬೂಸು ಬರಬಹುದು. ಗಾಳಿಯ ತೇವಾಂಶ ಶೇಕಡಾ 40ರಿಂದ 50ರೊಳಗೆ ಸ್ಥಿರವಾಗಿರಬೇಕು. ಛಾಯಾಗ್ರಾಹಕರು ಲೆನ್ಸ್ ಇಡಲು ಬಳಸುವ ‘ಡ್ರೈ ಕ್ಯಾಬಿನೆಟ್’ ಇದಕ್ಕೆ ಒದಗುತ್ತದೆ. ಅದನ್ನು ಮೊದಲು ಕೊಂಡು, 45ಕ್ಕೆ ಹೊಂದಿಸಿ, ಒಳಗೊಂದು ಬೇರೆ ತೇವಾಂಶ ಮಾಪಕ ಇಟ್ಟು ಎರಡು ವಾರ ಅಂಕಿ ಬರೆದುಕೊಳ್ಳಿ. ಅಂಕಿ ಏರುಪೇರಿಲ್ಲದೆ ನಿಂತ ಮೇಲೆ ನಿಮ್ಮ ಟಿಕೆಟ್ ಮಾಡಿ, ಚೀಲವನ್ನು ಪೆಟ್ಟಿಗೆಯ ಸಮೇತ ಕೈಸಾಮಾನಿನಲ್ಲೇ ತನ್ನಿ. ಹಂತ 1ರಲ್ಲಿ ತೆಗೆದ ಚಿತ್ರಗಳ ಒಂದು ಪ್ರತಿಯೂ ಪೊಟ್ಟಣದಲ್ಲಿಟ್ಟ ಉದುರಿದ ಮಣಿಗಳೂ ಅದೇ ಪೆಟ್ಟಿಗೆಯಲ್ಲಿರಲಿ.